ಇಪ್ಪತ್ತು ಹುಡುಗಿಯರು, ಒಂದು ಆಗಸ್ಟ್ ಸಂಚಿಕೆ: 1953ರ ಒಂದು ಬೇಸಿಗೆ ಇಂಟರ್ನ್‌ಶಿಪ್

1953ರ ಜೂನ್ 1, ಸೋಮವಾರ. ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂದಲ್ಲಿದ್ದ ‘ಮ್ಯಾಡಮ್ವಾಜೆಲ್’ ಪತ್ರಿಕೆಯ ಕಚೇರಿಗೆ ಅಮೆರಿಕದ ಬೇರೆ ಬೇರೆ ಕಾಲೇಜುಗಳ 20 ಹುಡುಗಿಯರು ಕೆಲಸಕ್ಕೆ ಹಾಜರಾದರು. ಕೆಲಸ ಒಂದೇ ತಿಂಗಳದ್ದು. ಸಂಬಳ ಉಂಟು. ಹುದ್ದೆಯ ಹೆಸರು ಮಾತ್ರ ದೊಡ್ಡದು: ಅತಿಥಿ ಸಂಪಾದಕಿ. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಸಮ್ಮರ್ ಇಂಟರ್ನ್. ಜೂನ್ 26ಕ್ಕೆ ಅವರ ಕೆಲಸ ಮುಗಿಯಿತು.

ಅವರಲ್ಲಿ ಒಬ್ಬಳು ಸಿಲ್ವಿಯಾ ಪ್ಲಾತ್. ವಯಸ್ಸು 20. ಸ್ಮಿತ್ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಮೇಲೆ ಓದುತ್ತಿದ್ದ ಹುಡುಗಿ. ಪ್ರಕಾಶನ ಲೋಕದ ಇಂಟರ್ನ್‌ಶಿಪ್ ಬಗ್ಗೆ ಒಂದು ಪ್ರಕರಣ ಬರೆಯಬೇಕು ಅಂದಾಗ ನನಗೆ ಮೊದಲು ನೆನಪಾದದ್ದು ಇವಳದೇ. ಕಾರಣ, ಅವಳು ಆಮೇಲೆ ದೊಡ್ಡ ಕವಿಯಾದಳು ಅನ್ನುವುದಲ್ಲ. ಸಾಮಾನ್ಯವಾಗಿ ಇಂಟರ್ನ್ ಒಬ್ಬರು ಬಂದರು, ಹೋದರು ಅಂದರೆ ಕಚೇರಿಯಲ್ಲಿ ಗುರುತೂ ಉಳಿಯುವುದಿಲ್ಲ. ಇಲ್ಲಿ ಹಾಗಲ್ಲ. ಅವಳು ಮನೆಗೆ ಬರೆದ ಪತ್ರಗಳಿವೆ, ಡೈರಿಯ ಪುಟಗಳಿವೆ, ಜೊತೆಗಿದ್ದವರ ನೆನಪುಗಳಿವೆ, ಅವರೆಲ್ಲ ಸೇರಿ ತಂದ ಸಂಚಿಕೆಯೂ ಇದೆ. ಒಂದು ಕೆಲಸವನ್ನು ಇಷ್ಟು ಕಡೆಯಿಂದ ನೋಡುವ ಅವಕಾಶ ಸುಮ್ನೆ ಸಿಗುವುದಿಲ್ಲ.

ಒಂದು ತೊಡಕಿದೆ. ಹತ್ತು ವರ್ಷ ಬಿಟ್ಟು, 1963ರ ಜನವರಿಯಲ್ಲಿ, ಅವಳು ಈ ತಿಂಗಳನ್ನೇ ಬುಡವಾಗಿಟ್ಟುಕೊಂಡು ಬರೆದ ‘ದ ಬೆಲ್ ಜಾರ್’ ಕಾದಂಬರಿ ಲಂಡನ್ನಿನಲ್ಲಿ ಬಂತು. ಅದನ್ನು ಓದಿದ ಎಲ್ಲರೂ ಇಂಟರ್ನ್‌ಶಿಪ್ಪಿಗೆ ಆಗಲೇ ಒಂದು ತೀರ್ಪು ಕೊಟ್ಟುಬಿಟ್ಟಿದ್ದಾರೆ: ನ್ಯೂಯಾರ್ಕ್ ಅವಳನ್ನು ಒಡೆದು ಹಾಕಿತು ಅಂತ. ನನಗೆ ಆ ತೀರ್ಪು ಪೂರ್ತಿ ಒಪ್ಪಿಗೆಯಿಲ್ಲ. ಹಾಗಾಗಿ ಕಾದಂಬರಿಯನ್ನು ಪಕ್ಕಕ್ಕಿಟ್ಟು, ಕೆಲಸವನ್ನು ಕೆಲಸವಾಗಿಯೇ ನೋಡೋಣ.

ಪತ್ರಿಕೆಗೆ ಇವರು ಯಾಕೆ ಬೇಕಿತ್ತು?

‘ಮ್ಯಾಡಮ್ವಾಜೆಲ್’ ಶುರುವಾದದ್ದು 1935ರಲ್ಲಿ. 1937ರಿಂದ 1971ರವರೆಗೆ ಅದರ ಸಂಪಾದಕಿಯಾಗಿದ್ದವರು ಬೆಟ್ಸಿ ಟಾಲ್ಬಟ್ ಬ್ಲ್ಯಾಕ್‌ವೆಲ್. ಪತ್ರಿಕೆಯದು ಎರಡು ಮುಖ. ಒಂದು ಕಡೆ ಬಟ್ಟೆ, ಟೋಪಿ, ಲಿಪ್‌ಸ್ಟಿಕ್. ಇನ್ನೊಂದು ಕಡೆ ಗಟ್ಟಿಯಾದ ಕಥೆ, ಕವಿತೆ. ಟ್ರೂಮನ್ ಕಪೋಟಿಯಂಥವರ ಶುರುವಿನ ಕಥೆಗಳನ್ನು ಹಾಕಿದ ಪತ್ರಿಕೆ ಇದು. ಓದುಗರು ಕಾಲೇಜು ಹುಡುಗಿಯರು, ಹೊಸದಾಗಿ ಕೆಲಸಕ್ಕೆ ಸೇರಿದ ಹೆಣ್ಣುಮಕ್ಕಳು.

ಆಗಸ್ಟ್ ತಿಂಗಳದ್ದು ಕಾಲೇಜ್ ಸಂಚಿಕೆ. ನಮ್ಮ ಪತ್ರಿಕೆಗಳಿಗೆ ದೀಪಾವಳಿ ವಿಶೇಷಾಂಕ ಹೇಗೋ ಇವರಿಗೆ ಅದು ಹಾಗೆ. ಸೆಪ್ಟೆಂಬರಿನಲ್ಲಿ ಕಾಲೇಜು ಶುರು. ಹಾಸ್ಟೆಲಿಗೆ ಹೋಗುವ ಹುಡುಗಿಗೆ ಹೊಸ ಬಟ್ಟೆ ಬೇಕು, ಕೋಟು ಬೇಕು, ಶೂ ಬೇಕು. ಬಟ್ಟೆ ಕಂಪನಿಗಳು, ದೊಡ್ಡ ಅಂಗಡಿಗಳು ಜಾಹೀರಾತು ಕೊಡಲು ಸಾಲುಗಟ್ಟಿ ನಿಲ್ಲುವ ಸಮಯ. ಆ ಸಂಚಿಕೆಯನ್ನು ‘ಕಾಲೇಜು ಹುಡುಗಿಯರೇ ಸಂಪಾದಿಸಿದ್ದು’ ಎಂದು ಹೇಳಿಕೊಂಡರೆ ಓದುಗರಿಗೂ ಖುಷಿ, ಜಾಹೀರಾತು ಕೊಡುವವರಿಗೂ ಖುಷಿ. 1939ರಲ್ಲಿ ಶುರುವಾದ ಅತಿಥಿ ಸಂಪಾದಕಿ ಸ್ಪರ್ಧೆಯ ಹಿಂದಿನ ಲೆಕ್ಕಾಚಾರ ಇದು.

ಆಯ್ಕೆ ಸುಲಭವಲ್ಲ. ಮೊದಲು ಪತ್ರಿಕೆಯ ‘ಕಾಲೇಜ್ ಬೋರ್ಡ್’ಗೆ ಸೇರಬೇಕು. ನಿಮ್ಮ ಕ್ಯಾಂಪಸ್ಸಿನಲ್ಲಿ ಏನು ನಡೆಯುತ್ತಿದೆ, ಹುಡುಗಿಯರು ಏನು ಹಾಕಿಕೊಳ್ಳುತ್ತಾರೆ, ಏನು ಓದುತ್ತಾರೆ ಅಂತ ಬರೆದು ಕಳಿಸುತ್ತಿರಬೇಕು. ಕೊಟ್ಟ ಅಸೈನ್‌ಮೆಂಟ್ ಮಾಡಬೇಕು. ಇದನ್ನು ಮಾರುಕಟ್ಟೆ ಸಮೀಕ್ಷೆ ಅನ್ನಿ, ತಪ್ಪಿಲ್ಲ. ದೇಶದ ಕಾಲೇಜುಗಳ ಒಳಗಿನ ಸುದ್ದಿ ಪತ್ರಿಕೆಗೆ ಹೆಚ್ಚು ಖರ್ಚಿಲ್ಲದೆ ಬಂದು ಬೀಳುತ್ತಿತ್ತು. ಕೊನೆಗೆ 20 ಜನ ಆಯ್ಕೆಯಾಗುತ್ತಿದ್ದರು.

ಇದರಲ್ಲಿ ಮೋಸವೇನೂ ಇಲ್ಲ. ಸಂಬಳ ಕೊಟ್ಟರು, ನಿಜವಾದ ಕಚೇರಿಯಲ್ಲಿ ಕೂರಿಸಿದರು. ಈಗಲೂ ‘ಎಕ್ಸ್‌ಪೋಷರ್ ಸಿಗುತ್ತೆ’ ಅಂತ ಬಿಟ್ಟಿ ದುಡಿಸಿಕೊಳ್ಳುವವರಿಗಿಂತ ಇವರು ಎಷ್ಟೋ ವಾಸಿ. ಆದರೆ ಇಂಟರ್ನ್ ಇಲ್ಲಿ ಎರಡು ಕೆಲಸ ಮಾಡುತ್ತಿದ್ದಳು. ಒಂದು, ಪತ್ರಿಕೆ ತರುವುದು. ಇನ್ನೊಂದು, ಪತ್ರಿಕೆಯಲ್ಲಿ ಕಾಣಿಸಿಕೊಳ್ಳುವುದು. ನೇಮಕದ ತಂತಿಯಲ್ಲಿ ಮೊದಲನೆಯದರ ಹೆಸರು ಮಾತ್ರ ಇತ್ತು.

ಅವಳು ಏನು ಅಂದುಕೊಂಡು ಬಂದಳು?

ಪ್ಲಾತ್‌ಗೆ ಈ ಪತ್ರಿಕೆ ಹೊಸದಲ್ಲ. ಹಿಂದಿನ ವರ್ಷ, 1952ರ ಆಗಸ್ಟ್ ಸಂಚಿಕೆಯಲ್ಲಿ ಅವಳ ಕಥೆ ಬಂದಿತ್ತು. ಪತ್ರಿಕೆಯ ಕಥಾ ಸ್ಪರ್ಧೆಯಲ್ಲಿ ಗೆದ್ದ ಕಥೆ. ಬಹುಮಾನ 500 ಡಾಲರ್. ಎಂಟು ವರ್ಷದವಳಿದ್ದಾಗ ಅಪ್ಪ ತೀರಿಹೋದರು. ಅಮ್ಮ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಶಾರ್ಟ್‌ಹ್ಯಾಂಡ್ ಪಾಠ ಹೇಳಿ ಇಬ್ಬರು ಮಕ್ಕಳನ್ನು ಸಾಕಿದವರು. ಆ ಮನೆಗೆ 500 ಡಾಲರ್ ಅಂದರೆ ಸಣ್ಣ ಮೊತ್ತವಲ್ಲ. ಅದಕ್ಕಿಂತ ದೊಡ್ಡದು, ಬರೆದು ಬದುಕಬಹುದು ಅನ್ನುವ ನಂಬಿಕೆ ಅವಳಿಗೆ ಆ ಚೆಕ್ಕಿನಿಂದ ಬಂದದ್ದು.

ಹಾಗಾಗಿ ಅತಿಥಿ ಸಂಪಾದಕಿಯಾದಾಗ ಅವಳ ಕಣ್ಣು ಕಥಾ ವಿಭಾಗದ ಮೇಲೆ. ಸಹಜ ಅಲ್ವಾ? ಕಥೆ ಬರೆದು ಗೆದ್ದವಳು ಕಥೆಯ ಮೇಜಿಗೇ ಹೋಗಬೇಕು ಅಂದುಕೊಳ್ಳುತ್ತಾಳೆ. ಆದರೆ ಕೊಟ್ಟದ್ದು ಅತಿಥಿ ಮ್ಯಾನೇಜಿಂಗ್ ಎಡಿಟರ್ ಸ್ಥಾನ, ಅಂದರೆ ಸಂಚಿಕೆಯ ಕೆಲಸವೆಲ್ಲ ಹೊತ್ತಿಗೆ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವ ಜಾಗ. ಇಪ್ಪತ್ತು ಸ್ಥಾನಗಳಲ್ಲಿ ಎಲ್ಲಕ್ಕಿಂತ ಭಾರದ್ದು ಅದೇ. ಕಚೇರಿಯ ಲೆಕ್ಕದಲ್ಲಿ ಅದು ಗೌರವ. ಜವಾಬ್ದಾರಿ ಹೊರಬಲ್ಲವಳು, ಹೇಳಿದ ಹೊತ್ತಿಗೆ ಮುಗಿಸುವವಳು ಅಂತ ನಂಬಿ ಕೊಟ್ಟದ್ದು. ಅವಳ ಲೆಕ್ಕದಲ್ಲಿ ಅದು ಬೇರೆ ದಾರಿ. ಈ ಒಂದು ತಿರುವು ಇಡೀ ಪ್ರಕರಣಕ್ಕೆ ಮುಖ್ಯ, ಆದರೆ ಇದರ ಬಗ್ಗೆ ಬರೆದವರು ಕಮ್ಮಿ. ಕ್ರಾಬ್ ಸಲಾಡ್ ಬಗ್ಗೆ, ಮೇಲಿಂದ ಎಸೆದ ಬಟ್ಟೆಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅವಕ್ಕೂ ಬರುತ್ತೇನೆ.

ನ್ಯೂಯಾರ್ಕಿಗೆ ಹೋಗುವ ಮೊದಲೇ ಖರ್ಚು ಶುರು. ಅಂಥ ಕಚೇರಿಗೆ ಹಳೆ ಬಟ್ಟೆಯಲ್ಲಿ ಹೋಗಲಾಗುವುದಿಲ್ಲ. ಸ್ಕಾಲರ್‌ಶಿಪ್ಪಿನ ಹುಡುಗಿ ಹೊಸ ಬಟ್ಟೆ ಕೊಂಡಳು. ಕೆಲಸವೂ ಊರಲ್ಲಿದ್ದಾಗಲೇ ಶುರು. ಮೇ ತಿಂಗಳಲ್ಲಿ ಕೇಂಬ್ರಿಜ್ಜಿಗೆ ಹೋಗಿ, ಐರಿಷ್ ಮೂಲದ ಕಾದಂಬರಿಕಾರ್ತಿ ಎಲಿಜಬೆತ್ ಬೋವೆನ್ ಅವರ ಸಂದರ್ಶನ ಮಾಡಿದಳು. ಇದು ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್, ಇಂಗ್ಲೆಂಡಿನದಲ್ಲ. ಮೊದಲ ಅಸೈನ್‌ಮೆಂಟೇ ಇಷ್ಟು ದೊಡ್ಡ ಲೇಖಕಿ. ಯಾವ ಇಂಟರ್ನ್‌ಗಾದರೂ ನೆಲದ ಮೇಲೆ ಕಾಲು ನಿಲ್ಲುವುದಿಲ್ಲ.

ಏಬಲ್ಸ್ ಅವರ ಕೋಣೆಯೊಳಗೆ

ನಿಜವಾದ ಮ್ಯಾನೇಜಿಂಗ್ ಎಡಿಟರ್ ಸಿರಿಲಿ ಏಬಲ್ಸ್. ಸಾಹಿತ್ಯ ಬಲ್ಲವರು, ಕೆಲಸದಲ್ಲಿ ಬಿಗಿ. ಪ್ಲಾತ್‌ಳ ಮೇಜನ್ನು ಅವರ ಕೋಣೆಯಲ್ಲೇ ಹಾಕಲಾಯಿತು. ಬೇರೆ ಹುಡುಗಿಯರು ಫ್ಯಾಷನ್ ವಿಭಾಗ, ಅಂಗಡಿ ವಿಭಾಗ ಅಂತ ಓಡಾಡಿಕೊಂಡಿದ್ದರೆ ಇವಳು ಬೆಳಿಗ್ಗೆಯಿಂದ ಸಂಜೆವರೆಗೆ ಬಾಸ್ ಕಣ್ಣೆದುರು.

ಇದರಿಂದ ಅವಳಿಗೆ ಸಿಕ್ಕಿದ್ದು ಕಡಿಮೆಯೇನಲ್ಲ. ಏಬಲ್ಸ್ ಫೋನಿನಲ್ಲಿ ಲೇಖಕರೊಂದಿಗೆ, ಏಜೆಂಟರೊಂದಿಗೆ ಮಾತಾಡುವುದೆಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಯಾವ ಕಥೆಗೆ ಹೂಂ ಅನ್ನುತ್ತಾರೆ, ಯಾವುದಕ್ಕೆ ಬೇಡ, ಎಷ್ಟು ಕೊಡುತ್ತಾರೆ, ಯಾರನ್ನು ಹೇಗೆ ಸಮಾಧಾನ ಮಾಡುತ್ತಾರೆ, ಎಲ್ಲ. ಪ್ರಕಾಶನದಲ್ಲಿ ಕೆಲಸ ಕಲಿಯುವುದು ಹೀಗೇ. ಪಾಠ ಮಾಡಿ ಯಾರೂ ಕಲಿಸುವುದಿಲ್ಲ. ಪಕ್ಕದಲ್ಲಿ ಕೂತು ಕೇಳಿಸಿಕೊಂಡದ್ದೇ ಬಂಡವಾಳ. ಈ ದೃಷ್ಟಿಯಲ್ಲಿ ಇಪ್ಪತ್ತು ಜನರಲ್ಲಿ ಅತಿ ಹೆಚ್ಚು ಕಲಿಯುವ ಜಾಗ ಸಿಕ್ಕಿದ್ದು ಅವಳಿಗೇ.

ಹಸ್ತಪ್ರತಿ ಓದುವುದು, ಅಭಿಪ್ರಾಯ ಬರೆಯುವುದು, ಬೇಡವಾದದ್ದನ್ನು ವಾಪಸ್ ಕಳಿಸುವುದು ದಿನದ ಕೆಲಸ. ಇಲ್ಲೊಂದು ತಮಾಷೆಯಿದೆ. ‘ನ್ಯೂಯಾರ್ಕರ್’ ಪತ್ರಿಕೆ ಪ್ಲಾತ್‌ಳ ಬರಹಗಳನ್ನು ಮೇಲಿಂದ ಮೇಲೆ ವಾಪಸ್ ಕಳಿಸುತ್ತಿತ್ತು. ಈಗ ಅದೇ ಪತ್ರಿಕೆಯ ಸಿಬ್ಬಂದಿಯೊಬ್ಬರು ಕಳಿಸಿದ್ದ ಬರಹ ಅವಳ ಮೇಜಿಗೆ ಬಂತು. ಪ್ರಕಟಿಸಲಾಗುತ್ತಿಲ್ಲ ಎಂಬ ಪತ್ರದ ಕೆಳಗೆ ತನ್ನದೇ ಸಹಿ ಹಾಕಿ ಕಳಿಸಿದಳು. ಮನೆಗೆ ಬರೆದ ಪತ್ರದಲ್ಲಿ ಅದರ ಖುಷಿ ಹೇಳಿಕೊಂಡಳು. ಯಾರಿಗೆ ಆಗುವುದಿಲ್ಲ ಹೇಳಿ?

ಇನ್ನೊಂದು ಕಡೆ ಬರವಣಿಗೆ. ಕಾಲೇಜುಗಳಲ್ಲಿ ಹೆಸರು ಮಾಡುತ್ತಿದ್ದ ಐದು ಯುವ ಕವಿಗಳ ಬಗ್ಗೆ ಒಂದು ಪುಟ ಅವಳ ಪಾಲಿಗೆ ಬಂತು. ರಿಚರ್ಡ್ ವಿಲ್ಬರ್, ಆಂಟನಿ ಹೆಕ್ಟ್, ಜಾರ್ಜ್ ಸ್ಟೈನರ್, ಅಲೆಸ್ಟರ್ ರೀಡ್, ವಿಲಿಯಂ ಬರ್ಫರ್ಡ್. ಐವರೂ ಗಂಡಸರು. ಬರೆಯುತ್ತಿದ್ದವಳು ಕವಿಯೇ, ಆದರೆ ಇಲ್ಲಿ ಅವಳ ಕೆಲಸ ಅವರನ್ನು ಪರಿಚಯಿಸುವುದು. ಫ್ಯಾಷನ್ ಪತ್ರಿಕೆಯ ದನಿಯೇ ಬೇರೆ. ಚುರುಕಾಗಿರಬೇಕು, ಹಗುರಾಗಿರಬೇಕು, ಪುಟದಲ್ಲಿ ಬಿಟ್ಟ ಜಾಗಕ್ಕೆ ಸರಿಯಾಗಿ ಕೂರಬೇಕು. ಬರೆದದ್ದನ್ನು ಏಬಲ್ಸ್ ತಿದ್ದಿಸುತ್ತಿದ್ದರು, ಮತ್ತೆ ಬರೆಸುತ್ತಿದ್ದರು. ಕಾಲೇಜಿನಲ್ಲಿ ಬರೆದದ್ದಕ್ಕೆಲ್ಲ ‘ಎ’ ಬರುತ್ತಿದ್ದ ಹುಡುಗಿಗೆ ಇದು ಹೊಸ ಅನುಭವ. ಅಲ್ಲಿ ಚೆನ್ನಾಗಿ ಬರೆದರೆ ಸಾಕು. ಇಲ್ಲಿ ಚೆನ್ನಾಗಿರುವುದು ಬೇರೆ, ಪತ್ರಿಕೆಗೆ ಹೊಂದುವುದು ಬೇರೆ.

ಇದನ್ನು ಏಬಲ್ಸ್ ಅವರ ಕಾಠಿಣ್ಯ ಅಂತ ಕೆಲವರು ಬರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸಂಪಾದಕಿ ತಿದ್ದದೇ ಇನ್ನೇನು ಮಾಡಬೇಕು? ತಿದ್ದಿಸಿಕೊಳ್ಳುವುದೇ ಈ ಕೆಲಸದ ಅತಿ ಒಳ್ಳೆಯ ಭಾಗ. ಕೊರತೆ ಇದ್ದದ್ದು ಬೇರೆ ಕಡೆ. ‘ನೀನು ಬರೆದದ್ದು ಕೆಟ್ಟದ್ದಲ್ಲ, ನಮಗೆ ಬೇಕಾದ ಅಳತೆಗೆ ಕತ್ತರಿಸುತ್ತಿದ್ದೇವೆ ಅಷ್ಟೇ’ ಅನ್ನುವ ಮಾತು ಅವಳಿಗೆ ಮುಟ್ಟಿದ ಹಾಗೆ ಕಾಣುವುದಿಲ್ಲ. ಏಬಲ್ಸ್ ಹೇಳಲಿಲ್ಲವೋ, ಅವಳು ಕೇಳಿಸಿಕೊಳ್ಳಲಿಲ್ಲವೋ. ಎಲ್ಲದರಲ್ಲೂ ಮೊದಲು ಬಂದು ಅಭ್ಯಾಸವಾದವರಿಗೆ ತಿದ್ದುಪಡಿ ಅಂದರೆ ಫೇಲ್ ಅಂತಲೇ ಕೇಳಿಸುತ್ತದೆ.

ನಕ್ಷತ್ರದ ಫೋಟೊ

ಆಗಸ್ಟ್ ಸಂಚಿಕೆಯಲ್ಲಿ ಇಪ್ಪತ್ತೂ ಜನರ ಒಂದು ಗುಂಪು ಚಿತ್ರವಿದೆ. ಸೆಂಟ್ರಲ್ ಪಾರ್ಕಿನಲ್ಲಿ ತೆಗೆದದ್ದು. ಹುಡುಗಿಯರು ಕೈ ಕೈ ಹಿಡಿದು ನಕ್ಷತ್ರದ ಆಕಾರದಲ್ಲಿ ನಿಂತಿದ್ದಾರೆ. ಎಲ್ಲರಿಗೂ ಒಂದೇ ಥರದ ಚೌಕುಳಿ ಸ್ಕರ್ಟು, ತಲೆ ಮೇಲೆ ಪುಟ್ಟ ಟೋಪಿ. ನಕ್ಷತ್ರದ ತುದಿಯಲ್ಲಿ ಪ್ಲಾತ್. ಕ್ಯಾಮೆರಾ ಮೇಲಿಂದ ನೋಡುತ್ತಿದೆ, ಎಲ್ಲರೂ ತಲೆಯೆತ್ತಿ ನಗುತ್ತಿದ್ದಾರೆ.

ಆ ಬಟ್ಟೆ ಚಳಿಗಾಲಕ್ಕೆ ಹತ್ತಿರವಾದ ಕಾಲೇಜು ದಿನಗಳದ್ದು. ತೆಗೆದದ್ದು ಜೂನ್ ತಿಂಗಳ ಸೆಕೆಯಲ್ಲಿ. ಪತ್ರಿಕೆಯವರಿಗೆ ಇದು ಮಾಮೂಲು. ಆಗಸ್ಟಿನ ಸಂಚಿಕೆ ಜೂನಿನಲ್ಲೇ ತಯಾರಾಗಬೇಕು, ಹಾಗಾಗಿ ಉಣ್ಣೆಯ ಬಟ್ಟೆ ಬಿಸಿಲಲ್ಲಿ ಹಾಕಿಕೊಳ್ಳಲೇಬೇಕು. ಆದರೆ ಹಾಕಿಕೊಂಡು ನಿಂತವರು ಮಾಡೆಲ್‌ಗಳಲ್ಲ, ‘ಸಂಪಾದಕಿಯರು’. ಆ ಚಿತ್ರದ ಜೊತೆಗಿನ ಮುನ್ನುಡಿಯ ಬರಹ ಬರೆದವಳೂ ಪ್ಲಾತ್‌ಳೇ. ಪತ್ರಿಕೆ ತರುವವಳು, ಪತ್ರಿಕೆಯಲ್ಲಿ ಕಾಣಿಸಿಕೊಳ್ಳುವವಳು, ಆ ಕಾಣಿಸಿಕೊಂಡದ್ದರ ಬಗ್ಗೆ ಉತ್ಸಾಹದಿಂದ ಬರೆಯುವವಳು, ಮೂವರೂ ಒಬ್ಬಳೇ. ಒಂದು ಪುಟದಲ್ಲಿ ಇಡೀ ಇಂಟರ್ನ್‌ಶಿಪ್ ಕಾಣುತ್ತದೆ.

ಅದೇ ಸಂಚಿಕೆಯಲ್ಲಿ ಅವಳ ಒಂದು ಕವಿತೆಯೂ ಇದೆ. ಬೋವೆನ್ ಸಂದರ್ಶನವಿದೆ, ಕವಿಗಳ ಪುಟವಿದೆ, ಗುಲಾಬಿ ಹಿಡಿದು ಕೂತ ಅವಳದೊಂದು ಫೋಟೊ ಇದೆ. ಇಂಟರ್ನ್ ಒಬ್ಬಳಿಗೆ ಒಂದೇ ಸಂಚಿಕೆಯಲ್ಲಿ ಇಷ್ಟು ಬೈಲೈನ್, ಅಂದರೆ ಬರಹದ ಜೊತೆ ಅಚ್ಚಾದ ಹೆಸರು! ಇವತ್ತು ಯಾರಾದರೂ ಇಂಥ ಫೈಲ್ ಹಿಡಿದು ಕೆಲಸ ಕೇಳಲು ಬಂದರೆ ಎದ್ದು ನಿಂತು ಕುರ್ಚಿ ಕೊಡುತ್ತಾರೆ.

ಕಚೇರಿಯ ಹೊರಗೆ

ಹುಡುಗಿಯರನ್ನು ಇಳಿಸಿದ್ದು ಬಾರ್ಬಿಜಾನ್ ಹೋಟೆಲಿನಲ್ಲಿ. 1920ರ ದಶಕದಲ್ಲಿ ಹೆಂಗಸರಿಗೆಂದೇ ಕಟ್ಟಿದ ಹೋಟೆಲು. ಗಂಡಸರಿಗೆ ಕೆಳಗಿನ ಲಾಬಿವರೆಗೆ ಮಾತ್ರ ಪ್ರವೇಶ. ಸಣ್ಣ ಕೋಣೆ, ಸಣ್ಣ ಮಂಚ. ಮಗಳನ್ನು ಒಬ್ಬಳೇ ನ್ಯೂಯಾರ್ಕಿಗೆ ಕಳಿಸುವ ಅಪ್ಪ ಅಮ್ಮಂದಿರಿಗೆ ಧೈರ್ಯ ಬರಬೇಕಲ್ಲ, ಅದಕ್ಕೆ ಈ ವ್ಯವಸ್ಥೆ.

ಸಂಜೆಗಳು ಖಾಲಿ ಇರಲಿಲ್ಲ. ಬ್ಯಾಲೆ ನೋಡಿದರು, ಬೇಸ್‌ಬಾಲ್ ನೋಡಿದರು, ವಿಶ್ವಸಂಸ್ಥೆಗೆ ಹೋಗಿಬಂದರು. ಕೇಶಾಲಂಕಾರದ ಸಲೂನ್, ಬಟ್ಟೆ ತಯಾರಕರ ಶೋರೂಮು, ಸೇಂಟ್ ರೀಜಿಸ್ ಹೋಟೆಲಿನ ಮೇಲ್ಮಹಡಿಯಲ್ಲಿ ಡ್ಯಾನ್ಸ್ ಪಾರ್ಟಿ. ಇವುಗಳಲ್ಲಿ ಹಲವು ಜಾಹೀರಾತುದಾರರ ಜೊತೆಗಿನ ಭೇಟಿಗಳೇ. ಅಂದರೆ ಇದೂ ಡ್ಯೂಟಿ. ನಗುತ್ತಾ ಇರಬೇಕು, ಚೆನ್ನಾಗಿ ಕಾಣಬೇಕು, ಕೊಟ್ಟ ಉಡುಗೊರೆಗೆ ಥ್ಯಾಂಕ್ಸ್ ಹೇಳಬೇಕು. ರಜೆಯಂತೆ ಕಾಣುವ ಈ ಡ್ಯೂಟಿಯೇ ಮನುಷ್ಯನನ್ನು ಜಾಸ್ತಿ ಸುಸ್ತು ಮಾಡುವುದು ಅಂತ ನನ್ನ ಅನಿಸಿಕೆ. ಮೇಜಿನ ಕೆಲಸಕ್ಕಾದರೂ ಇಷ್ಟು ಗಂಟೆಗೆ ಮುಗಿಯಿತು ಅಂತ ಇರುತ್ತದೆ.

ಒಂದು ಜಾಹೀರಾತು ಏಜೆನ್ಸಿಯ ಮಧ್ಯಾಹ್ನದ ಊಟದಲ್ಲಿ ಏಡಿಯ ಸಲಾಡ್ ಕೆಟ್ಟಿತ್ತು. ತಿಂದ ಹುಡುಗಿಯರಿಗೆ ವಾಂತಿ. ಪ್ಲಾತ್‌ಗೂ ಆಯಿತು. ಅದು ಕೈಕೊಟ್ಟ ಊಟ ಅಷ್ಟೇ, ಅದರಲ್ಲಿ ಅರ್ಥ ಹುಡುಕುವುದು ಬೇಡ.

ಡೈಲನ್ ಥಾಮಸ್ ವಿಷಯ ಹಾಗಲ್ಲ. ವೇಲ್ಸ್‌ನ ಈ ಕವಿ ಪ್ಲಾತ್‌ಗೆ ದೇವರಂತೆ. ಆ ದಿನಗಳಲ್ಲಿ ಆತ ನ್ಯೂಯಾರ್ಕಿನಲ್ಲೇ ಇದ್ದ. ಆತನ ರೇಡಿಯೋ ನಾಟಕವನ್ನು ಪತ್ರಿಕೆಗೆ ಪಡೆಯುವ ಮಾತುಕತೆ ಏಬಲ್ಸ್ ಕಡೆಯಿಂದ ನಡೆಯುತ್ತಿತ್ತು. ಮುಂದೆ 1954ರ ಫೆಬ್ರುವರಿ ಸಂಚಿಕೆಯಲ್ಲಿ ಅದು ಬಂತು ಕೂಡ. ಏಬಲ್ಸ್ ಆತನ ಜೊತೆ ಊಟಕ್ಕೆ ಹೋದರು. ಪ್ಲಾತ್‌ಗೆ ಕರೆ ಬರಲಿಲ್ಲ. ಆಮೇಲೆ ಅವಳು ಆತ ಇಳಿದಿದ್ದ ಹೋಟೆಲಿನ ಬಳಿ ಹೋಗಿ ಕಾದಳು, ಆತ ಸಿಗಲಿಲ್ಲ ಎಂದು ಅವಳ ಜೀವನ ಚರಿತ್ರೆ ಬರೆದವರು ಹೇಳುತ್ತಾರೆ.

ಏಬಲ್ಸ್ ಪಾಲಿಗೆ ಅದು ವ್ಯವಹಾರದ ಊಟ. ಇಂಟರ್ನ್‌ಳನ್ನು ಕರೆದುಕೊಂಡು ಹೋಗಬೇಕು ಅಂತ ಹೊಳೆದೇ ಇರಲಿಕ್ಕಿಲ್ಲ. ಇಂಥದ್ದು ಪ್ರಕಾಶನದಲ್ಲಿ ದಿನಾ ನಡೆಯುತ್ತದೆ. ಲೇಖಕರು ಬರುತ್ತಾರೆ, ಬಾಗಿಲು ಮುಚ್ಚುತ್ತದೆ, ಒಳಗೆ ಕಾಫಿ ಹೋಗುತ್ತದೆ. ಹೊರಗೆ ಕೂತು ಆ ಲೇಖಕರ ಪುಸ್ತಕದ ಪ್ರೂಫ್ ನೋಡುತ್ತಿರುವವನಿಗೆ ಅವರ ಪ್ರತಿ ಸಾಲೂ ಬಾಯಿಪಾಠ ಇರುತ್ತದೆ. ‘ಒಂದು ನಿಮಿಷ ಬಾ, ಪರಿಚಯ ಮಾಡಿಸುತ್ತೇನೆ’ ಅಂದರೆ ಕಚೇರಿಗೆ ಕಾಸಿನ ಖರ್ಚಿಲ್ಲ. ಆ ಒಂದು ನಿಮಿಷ ಅವಳಿಗೆ ಸಿಗಲಿಲ್ಲ.

ಜೂನ್ 19ರಂದು ರೋಸೆನ್‌ಬರ್ಗ್ ದಂಪತಿಗೆ ಮರಣದಂಡನೆಯಾಯಿತು. ಸೋವಿಯತ್ ಒಕ್ಕೂಟಕ್ಕೆ ಅಣುಬಾಂಬಿನ ರಹಸ್ಯ ಕೊಟ್ಟ ಆರೋಪ. ಪ್ಲಾತ್ ಅವತ್ತು ಡೈರಿಯಲ್ಲಿ ಬರೆದದ್ದು ಕೊಂದದ್ದರ ಬಗ್ಗೆ ಎಷ್ಟೋ, ಸುತ್ತಲಿನವರಿಗೆ ಅದು ಏನೂ ಅನ್ನಿಸದೇ ಹೋದದ್ದರ ಬಗ್ಗೆಯೂ ಅಷ್ಟೇ. ಇಬ್ಬರನ್ನು ವಿದ್ಯುತ್ ಕುರ್ಚಿಯಲ್ಲಿ ಕೂರಿಸುವ ದಿನವೂ ಬಟ್ಟೆ, ಟೋಪಿಯ ಮಾತು ನಿಲ್ಲಲಿಲ್ಲ. ತಿಂಗಳ ಕೊನೆಗೆ ತಮ್ಮ ವಾರನ್‌ಗೆ ಬರೆದ ಪತ್ರದಲ್ಲಿ ಖುಷಿಪಟ್ಟದ್ದು, ಕುಗ್ಗಿದ್ದು, ಬೆಚ್ಚಿದ್ದು ಎಲ್ಲ ಒಂದೇ ಉಸಿರಿನಲ್ಲಿ ಬರುತ್ತದೆ. ಏನು ಕಲಿತೆ ಅಂತ ಲೆಕ್ಕ ಹಾಕಲು ಸಮಯ ಬೇಕು ಅನ್ನುತ್ತಾಳೆ.

ಕೊನೆಯ ರಾತ್ರಿ ಹೋಟೆಲಿನ ಚಾವಣಿ ಹತ್ತಿ ತನ್ನ ಬಟ್ಟೆಗಳನ್ನು ಒಂದೊಂದಾಗಿ ಕೆಳಗೆ ಎಸೆದಳು ಎಂಬ ಕಥೆ ಪ್ರಸಿದ್ಧ. ಮಾರನೇ ದಿನ ಊರಿಗೆ ಹೋಗಲು ಜೊತೆಗಾತಿಯೊಬ್ಬಳ ಸ್ಕರ್ಟು, ಬ್ಲೌಸು ಪಡೆದು ಹಾಕಿಕೊಂಡಳು. ಇಂಟರ್ನ್‌ಶಿಪ್ಪಿಗೆಂದು ಕೊಂಡ ಬಟ್ಟೆಗಳು ಅವು ಅನ್ನುವುದನ್ನು ಮರೆಯಬಾರದು.

ಜುಲೈ

ಪ್ರಕರಣದ ನಿಜವಾದ ಪೆಟ್ಟು ನನ್ನ ಪ್ರಕಾರ ಇಲ್ಲಿಂದ ಶುರು.

ಆ ಬೇಸಿಗೆಗೆ ಅವಳ ಯೋಜನೆ ಎರಡು ಭಾಗದ್ದು. ಜೂನ್ ತಿಂಗಳು ನ್ಯೂಯಾರ್ಕ್. ಜುಲೈನಲ್ಲಿ ಹಾರ್ವರ್ಡ್ ಬೇಸಿಗೆ ಶಾಲೆಯಲ್ಲಿ ಐರಿಷ್ ಕಥೆಗಾರ ಫ್ರ್ಯಾಂಕ್ ಓ’ಕಾನರ್ ಅವರ ಕಥಾ ತರಗತಿ. ಊರಿಗೆ ಬಂದಿಳಿದಾಗ ಅಮ್ಮ ಸುದ್ದಿ ಹೇಳಿದರು: ತರಗತಿಗೆ ಅವಳು ಆಯ್ಕೆಯಾಗಿಲ್ಲ.

ಒಂದು ತಿಂಗಳು ಮ್ಯಾನೇಜಿಂಗ್ ಎಡಿಟರ್ ಮೇಜಿನಲ್ಲಿ ಕೂತು ಬಂದವಳು. ಕಥೆಗಾರ್ತಿಯಾಗಿಯೇ ಉಳಿಯಬಹುದಾದ ಜಾಗ ಆ ತರಗತಿ ಒಂದೇ ಇತ್ತು. ಅದೂ ಮುಚ್ಚಿತು. ಜೂನ್ ತಿಂಗಳ ಕೆಲಸ ಅವಳನ್ನು ಸುಸ್ತು ಮಾಡಿತ್ತು ನಿಜ. ಆದರೆ ಸುಸ್ತಾದವರಿಗೆ ಒಂದು ವಾರ ನಿದ್ದೆ ಮಾಡಿ, ಮುಂದಿನ ಸೋಮವಾರ ಹೋಗಬೇಕಾದ ಜಾಗ ಇದ್ದರೆ ಎದ್ದು ನಿಲ್ಲುತ್ತಾರೆ. ಇವಳಿಗೆ ಸೋಮವಾರ ಇರಲಿಲ್ಲ. ಸೆಪ್ಟೆಂಬರ್‌ವರೆಗೆ ಬರೀ ಖಾಲಿ ದಿನ.

ಕಥೆಯ ತರಗತಿ ಇಲ್ಲದಿದ್ದರೆ ಬೇರೆ ಯಾವುದಾದರೂ ಕೋರ್ಸ್ ತೆಗೆದುಕೊಳ್ಳಬಹುದಿತ್ತು. ಖರ್ಚಿನ ಲೆಕ್ಕ ಹಾಕಿ ಬೇಡವೆಂದಳು. ಮನೆಯಲ್ಲೇ ಕೂತು ಬರೆಯುತ್ತೇನೆ ಅಂದಳು. ಬರವಣಿಗೆ ಬರಲಿಲ್ಲ. ಮುಂದೆ ಕೆಲಸಕ್ಕೆ ಉಪಯೋಗವಾಗಲಿ ಎಂದು ಅಮ್ಮ ಶಾರ್ಟ್‌ಹ್ಯಾಂಡ್ ಹೇಳಿಕೊಡಲು ಶುರು ಮಾಡಿದರು. ಅಮ್ಮನ ಜೀವನ ನಡೆಸಿದ ವಿದ್ಯೆ ಅದು. ಒಳ್ಳೆಯ ಮನಸ್ಸಿನಿಂದಲೇ ಕೂತರು. ಆದರೆ ಹೋದ ತಿಂಗಳು ಕಥೆಗಳಿಗೆ ಹೂಂ, ಉಹೂಂ ಅನ್ನುತ್ತಿದ್ದ ಹುಡುಗಿ ಈಗ ಗೆರೆ, ಕೊಕ್ಕೆಗಳನ್ನು ಬರೆದು ಅಭ್ಯಾಸ ಮಾಡಬೇಕು. ಕೆಲವು ಪಾಠಕ್ಕೇ ಅದು ನಿಂತಿತು.

ನಿದ್ದೆ ಹೋಯಿತು. ಓದಲೂ ಆಗದಾಯಿತು. ವೈದ್ಯರ ಹತ್ತಿರ ಕರೆದುಕೊಂಡು ಹೋದರು. ಕೊಟ್ಟ ವಿದ್ಯುತ್ ಆಘಾತ ಚಿಕಿತ್ಸೆ ಸರಿಯಾಗಿ ನಡೆಯಲಿಲ್ಲ, ಅವಳ ಭಯ ಇನ್ನೂ ಜಾಸ್ತಿಯಾಯಿತು. ಆಗಸ್ಟ್ 24ರಂದು ಅವಳು ಪ್ರಾಣ ಕಳೆದುಕೊಳ್ಳಲು ನೋಡಿದಳು. ಎರಡು ದಿನದ ಮೇಲೆ, ಮನೆಯವರಿಗೇ, ಜೀವಂತ ಸಿಕ್ಕಿದಳು. ‘ಮ್ಯಾಡಮ್ವಾಜೆಲ್’ ಕಾಲೇಜ್ ಸಂಚಿಕೆ ಇನ್ನೂ ಅಂಗಡಿಗಳಲ್ಲಿದ್ದ ತಿಂಗಳು ಅದು.

ಅವಳ ಸ್ಕಾಲರ್‌ಶಿಪ್ ಇಟ್ಟಿದ್ದ ಕಾದಂಬರಿಕಾರ್ತಿ ಆಲಿವ್ ಹಿಗ್ಗಿನ್ಸ್ ಪ್ರೌಟಿ ಮುಂದೆ ಬಂದು ಒಳ್ಳೆಯ ಆಸ್ಪತ್ರೆಯ ಖರ್ಚು ನೋಡಿಕೊಂಡರು. 1954ರ ಶುರುವಿನಲ್ಲಿ ಅವಳು ಕಾಲೇಜಿಗೆ ವಾಪಸಾದಳು. 1955ರಲ್ಲಿ ಅತ್ಯುನ್ನತ ದರ್ಜೆಯಲ್ಲಿ ಪದವಿ ಪಡೆದು, ಫುಲ್‌ಬ್ರೈಟ್ ವೇತನದ ಮೇಲೆ ಇಂಗ್ಲೆಂಡಿಗೆ ಹೋದಳು.

ಯಾರದು ಎಷ್ಟು?

ಕಾಯಿಲೆಗೆ ಒಂದು ಕಚೇರಿಯನ್ನು ಕಾರಣ ಮಾಡುವುದು ಸುಲಭ, ಆದರೆ ಸರಿಯಲ್ಲ. ಖಿನ್ನತೆ ಕಾಯಿಲೆ. ಅದು ಏಡಿ ಸಲಾಡಿನಿಂದ ಬರುವುದಿಲ್ಲ, ಬಾಸ್ ಬೈದದ್ದರಿಂದ ಬರುವುದೂ ಇಲ್ಲ. ಅವಳ ಹಿಂದಿನ ಡೈರಿಗಳಲ್ಲೇ ಇಂಥ ಕುಗ್ಗುವಿಕೆಯ ದಿನಗಳಿವೆ. ಅದೇ ತಿಂಗಳು, ಅದೇ ಹೋಟೆಲಿನಲ್ಲಿದ್ದ ಇನ್ನೊಬ್ಬಳು ಡಯೇನ್ ಜಾನ್ಸನ್. ಅವಳೂ ಮುಂದೆ ಹೆಸರಾದ ಕಾದಂಬರಿಕಾರ್ತಿ. 1955ರ ತಂಡದಲ್ಲಿ ಜೋನ್ ಡಿಡಿಯನ್ ಇದ್ದಳು. ಮರುವರ್ಷ ‘ವೋಗ್’ ಪತ್ರಿಕೆಯ ಸ್ಪರ್ಧೆ ಗೆದ್ದು ಅಲ್ಲಿ ಕೆಲಸಕ್ಕೆ ಸೇರಿ, ಅಡಿಬರಹ ಬರೆಯುತ್ತಲೇ ಗದ್ಯ ಪಳಗಿಸಿಕೊಂಡಳು. ಪತ್ರಿಕೆಯ ಅಳತೆಗೆ ವಾಕ್ಯ ಕತ್ತರಿಸುವ ಕೆಲಸ ಡಿಡಿಯನ್‌ಗೆ ಗರಡಿಯಾಯಿತು. 1956ರಲ್ಲಿ ಬಂದ ಬಾರ್ಬರಾ ಚೇಸ್ ಈ ಯೋಜನೆಯ ಮೊದಲ ಕಪ್ಪು ಅತಿಥಿ ಸಂಪಾದಕಿ. ಮುಂದೆ ಶಿಲ್ಪಿಯಾಗಿ, ಬರಹಗಾರ್ತಿಯಾಗಿ ಬೆಳೆದಳು. ಸ್ಪರ್ಧೆ ಶುರುವಾಗಿ ಆಗಲೇ 17 ವರ್ಷ ಕಳೆದಿತ್ತು ಅನ್ನುವುದೂ ಪತ್ರಿಕೆಯ ಬಗ್ಗೆ ಒಂದು ಮಾತು ಹೇಳುತ್ತದೆ.

ಹಾಗೆಂದು ಕಚೇರಿಯದು ಏನೂ ತಪ್ಪಿಲ್ಲ ಅನ್ನಲಾರೆ. ಅವರು ಕಥೆ ಬರೆಯುವವಳನ್ನು ಆರಿಸಿಕೊಂಡು, ಅಚ್ಚುಕಟ್ಟಾಗಿ ಕೆಲಸ ಮಾಡುವವಳನ್ನು ಬಳಸಿಕೊಂಡರು. ಇಬ್ಬರೂ ಒಬ್ಬಳೊಳಗೇ ಇದ್ದದ್ದರಿಂದ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಜೂನ್ ತಿಂಗಳಲ್ಲಿ ಒಂದು ಸಂಜೆ ಪಾರ್ಟಿ ಬಿಡಿಸಿ, ಕಥಾ ವಿಭಾಗದವರ ಜೊತೆ ಅವಳನ್ನು ಕೂರಿಸಿದ್ದರೆ ಪತ್ರಿಕೆಗೆ ಏನೂ ನಷ್ಟವಿರಲಿಲ್ಲ. ಜೂನ್ 26ಕ್ಕೆ ಇಪ್ಪತ್ತು ಜನರನ್ನು ಕಳಿಸಿಕೊಟ್ಟ ಮೇಲೆ ಕಚೇರಿ ಸೆಪ್ಟೆಂಬರ್ ಸಂಚಿಕೆಗೆ ತಿರುಗಿತು. ಒಂದು ತಿಂಗಳು ಮಿನಿಟು ಮಿನಿಟಿಗೂ ಕಾರ್ಯಕ್ರಮ, ಆಮೇಲೆ ಒಮ್ಮೆಲೇ ನಿಶ್ಶಬ್ದ. ಈ ಇಳಿಜಾರು ಯಾವ ಇಂಟರ್ನ್‌ಶಿಪ್ಪಿನ ಕಾಗದದಲ್ಲೂ ಬರೆದಿರುವುದಿಲ್ಲ. ನಮ್ಮ ಪದವಿ ಕಾಲೇಜುಗಳಲ್ಲಿ ಕಡ್ಡಾಯ ಇಂಟರ್ನ್‌ಶಿಪ್ ಮುಗಿಸಿ ಬಂದವರಿಗೂ ಸರ್ಟಿಫಿಕೇಟು, ವರದಿ, ವೈವಾ ಅಷ್ಟೇ ಕೇಳುತ್ತಾರೆ.

ಇಷ್ಟೆಲ್ಲ ಆದಮೇಲೂ ಪ್ಲಾತ್ ‘ಮ್ಯಾಡಮ್ವಾಜೆಲ್’ ಜೊತೆ ಮುನಿಸಿಕೊಳ್ಳಲಿಲ್ಲ. ಹುಷಾರಾದ ಮೇಲೆ ಮತ್ತೆ ಕವಿತೆ ಕಳಿಸಿದಳು. ಅವರು ಅಚ್ಚು ಹಾಕಿದರು, ದುಡ್ಡೂ ಕೊಟ್ಟರು. ಈ ಸಲ ಉಣ್ಣೆ ಸ್ಕರ್ಟು ಹಾಕಿಕೊಂಡು ಫೋಟೊಗೆ ನಿಲ್ಲುವ ಅಗತ್ಯವಿರಲಿಲ್ಲ. ಕವರಿಗೆ ಅಂಚೆಚೀಟಿ ಅಂಟಿಸಿದರೆ ಸಾಕಿತ್ತು.